ಆನ್‌ಲೈನ್ ಜೂಜಿಗೆ ಬೀಗ ಬಿತ್ತು, ಅಂಗಡಿಯವರ ಖಾತೆಗೆ ಯಾಕೆ ಬೀಳಬೇಕು?

ಹಾರಂಗಿ: ಭಾನುವಾರ ಸಂಜೆ ಅಣೆಕಟ್ಟೆ ನೋಡಿಕೊಂಡು ವಾಪಸ್ ಹೊರಡುವ ಪ್ರವಾಸಿಗರು ಟೀ, ಚುರುಮುರಿ, ಜೋಳ ಅಂತ ಅಂಗಡಿ ಮುಂದೆ ನಿಲ್ಲುತ್ತಾರೆ. ಹೆಚ್ಚಿನವರ ಜೇಬಲ್ಲಿ ಚಿಲ್ಲರೆ ಇರಲ್ಲ. ಕ್ಯೂಆರ್ ಎಲ್ಲಿದೆ ಅಂತಲೇ ಕೇಳೋದು. ಸ್ಪೀಕರ್ ಡಬ್ಬ 'ಐವತ್ತು ರೂಪಾಯಿ ಬಂದಿದೆ' ಅಂತ ಕೂಗಿದರೆ ವ್ಯಾಪಾರ ಮುಗೀತು. ಕೊಟ್ಟವರು ಯಾರು, ಆ ಹಣ ಅವರಿಗೆ ಎಲ್ಲಿಂದ ಬಂತು ಅನ್ನೋದು ಅಂಗಡಿಯವರಿಗೆ ಗೊತ್ತಾಗಲ್ಲ. ಗೊತ್ತಾಗಬೇಕು ಅಂತ ಯಾರೂ ನಿರೀಕ್ಷೆ ಮಾಡುವುದೂ ಇಲ್ಲ.

ಆದರೆ ಆ ಹಣ ಬೇರೆ ಯಾವುದೋ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ತೆಗೆದ ಹಣವಾಗಿದ್ದರೆ? ಆನ್‌ಲೈನ್ ಬೆಟ್ಟಿಂಗ್ ಆಪ್‌ನಿಂದ ಸುತ್ತಿ ಬಳಸಿ ಬಂದ ಹಣವಾಗಿದ್ದರೆ? ಒಂದು ದಿನ ಅಂಗಡಿಯವರು ಸಗಟು ವ್ಯಾಪಾರಿಗೆ ದುಡ್ಡು ಹಾಕಲು ಹೋದಾಗ 'ನಿಮ್ಮ ಖಾತೆ ಫ್ರೀಜ್ ಆಗಿದೆ' ಅಂತ ಬರುತ್ತದೆ. ಬ್ಯಾಂಕಿಗೆ ಹೋದರೆ 'ಪೊಲೀಸರಿಂದ ಬಂದ ಸೂಚನೆ' ಎಂಬ ಉತ್ತರ. ಯಾವ ಪೊಲೀಸರು? ಎಲ್ಲಿಯವರು? ಅದಕ್ಕೆ ಉತ್ತರ ಅಷ್ಟು ಬೇಗ ಸಿಗಲ್ಲ.

ಇದು ಹೆದರಿಸುವ ಮಾತಲ್ಲ. ಪಕ್ಕದ ಕೇರಳದಲ್ಲಿ 2023ರಲ್ಲಿ ಸಣ್ಣಪುಟ್ಟ ವ್ಯಾಪಾರಿಗಳು ಇದೇ ಕಾರಣಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದರು. ಆನ್‌ಲೈನ್ ಗೇಮಿಂಗ್ ನಿಷೇಧದ ಬಗ್ಗೆ ಎಲ್ಲ ಕಡೆ ಚರ್ಚೆ ಆಯಿತು. ಆ ನಿಷೇಧದ ಇನ್ನೊಂದು ತುದಿ ನಮ್ಮ ಕ್ಯೂಆರ್ ಬೋರ್ಡಿನವರೆಗೂ ಬರುತ್ತದೆ ಅನ್ನೋದನ್ನು ಮಾತ್ರ ಯಾರೂ ಅಷ್ಟಾಗಿ ಹೇಳಲಿಲ್ಲ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 2021ರ ಅಕ್ಟೋಬರ್ 5ರಂದು ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಜಾರಿಗೆ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಕೌಶಲದ ಆಟ ಇರಲಿ, ಅದೃಷ್ಟದ ಆಟ ಇರಲಿ, ದುಡ್ಡು ಕಟ್ಟಿದರೆ ಅಪರಾಧ ಅಂತ ಮಾಡಿತ್ತು. ಕಂಪನಿಗಳು ಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಜೂಜಾಟವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವಂತಿಲ್ಲ ಅನ್ನೋದು ತೀರ್ಪಿನ ತಿರುಳು.

ಆಮೇಲೆ ಮೂರು ವರ್ಷ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಜಾಹೀರಾತಿನ ಹಬ್ಬ. ಟೀಮ್ ಇಂಡಿಯಾ ಜೆರ್ಸಿ ಮೇಲೂ ಅದೇ ಹೆಸರು. ನಮ್ಮ ಹುಡುಗರು ಐಪಿಎಲ್ ಮ್ಯಾಚ್ ಶುರುವಾಗುವ ಮುಂಚೆ ಬಸ್ ಸ್ಟ್ಯಾಂಡಲ್ಲಿ ಕೂತು 'ಟೀಮ್ ಕಟ್ಟುವ' ದೃಶ್ಯ ಯಾರಿಗೂ ಹೊಸದಾಗಿರಲಿಲ್ಲ.

2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ ಒಪ್ಪಿಗೆ ಕೊಟ್ಟವು. 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಮೂರೇ ದಿನದಲ್ಲಿ ಕೆಲಸ ಮುಗಿದಿತ್ತು. ಈ ಆಟಗಳಿಂದ 45 ಕೋಟಿ ಜನರಿಗೆ ತೊಂದರೆಯಾಗಿದೆ, 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಅನ್ನೋದು ಕೇಂದ್ರ ಸರ್ಕಾರ ಕೊಟ್ಟ ಅಂದಾಜು.

ಈ ಕಾಯ್ದೆ ಆಟಗಳನ್ನು ಮೂರು ಭಾಗ ಮಾಡುತ್ತದೆ. ಒಂದು ಇ-ಸ್ಪೋರ್ಟ್ಸ್, ಅಂದರೆ ಪಂದ್ಯಾವಳಿಯ ಥರ ನಡೆಯುವ ವಿಡಿಯೊ ಗೇಮ್. ಎರಡನೆಯದು ಮನರಂಜನೆಗೆ, ಕಲಿಕೆಗೆ ಆಡುವ ಸಾಮಾನ್ಯ ಆಟ. ಇವೆರಡಕ್ಕೂ ಅಡ್ಡಿ ಇಲ್ಲ. ಮೂರನೆಯದು ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟ. ಅದು ಕೌಶಲವೋ ಅದೃಷ್ಟವೋ ಅನ್ನೋ ವಾದವೇ ಬೇಡ, ಪೂರ್ತಿ ನಿಷೇಧ. ಅಂಥ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಇಂಥ ಆಟಕ್ಕೆ ಹಣ ಸಾಗಿಸಲು ಬ್ಯಾಂಕು, ಪೇಮೆಂಟ್ ಕಂಪನಿಗಳು ನೆರವಾಗುವಂತಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಈ ಕೇಂದ್ರ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆ ಇಲ್ಲ. ಅವನನ್ನು ನೊಂದವನು ಅಂತಲೇ ನೋಡಲಾಗಿದೆ.

ಡ್ರೀಮ್11 ಮುಂತಾದ ದೊಡ್ಡ ಕಂಪನಿಗಳು ಹಣದ ಸ್ಪರ್ಧೆ ನಿಲ್ಲಿಸಿದವು. ಕಾಯ್ದೆ ಪ್ರಶ್ನಿಸಿ ರಮ್ಮಿ ಕಂಪನಿಯೊಂದು ನಮ್ಮ ಹೈಕೋರ್ಟಿಗೇ ಬಂತು. ದೆಹಲಿ, ಮಧ್ಯಪ್ರದೇಶದಲ್ಲೂ ಅರ್ಜಿ ಬಿದ್ದವು. 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಮುಂಬಾಗಿಲು ಮುಚ್ಚಿದೆ, ಹಿಂಬಾಗಿಲು?

ಹೆಸರು, ವಿಳಾಸ, ಕಚೇರಿ ಇದ್ದ ಕಂಪನಿಗಳೇನೋ ಬಾಗಿಲು ಹಾಕಿದವು. ಹೆಸರೂ ವಿಳಾಸವೂ ಇಲ್ಲದವರ ಕಥೆ ಬೇರೆ. ಹೊರದೇಶದಲ್ಲಿ ಕೂತು ನಡೆಸುವ ಬೆಟ್ಟಿಂಗ್ ಆಪ್‌ಗಳು ಈ ಕಾಯ್ದೆಗೆ ಮೊದಲೂ ಕಾನೂನುಬಾಹಿರವೇ ಆಗಿದ್ದವು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಹಾದೇವ್ ಸೇರಿ 22 ಬೆಟ್ಟಿಂಗ್ ಆಪ್ ಮತ್ತು ವೆಬ್‌ಸೈಟ್‌ಗಳನ್ನು ನಿರ್ಬಂಧಿಸಿತ್ತು. ಇವರದ್ದು ಒಂದು ಹೆಸರು ಹೋದರೆ ಇನ್ನೊಂದು ಹೆಸರು. ಪ್ಲೇ ಸ್ಟೋರಲ್ಲಿ ಸಿಗದಿದ್ದರೆ ಟೆಲಿಗ್ರಾಂ, ವಾಟ್ಸಾಪ್‌ನಲ್ಲಿ ಲಿಂಕ್ ಬರುತ್ತದೆ.

ಇಂಥ ಆಪ್‌ಗಳಿಗೆ ಬ್ಯಾಂಕ್ ನೇರವಾಗಿ ಖಾತೆ ಕೊಡಲ್ಲ. ಹಾಗಾಗಿ ಬೇರೆಯವರ ಖಾತೆ ಬಾಡಿಗೆಗೆ ತಗೋತಾರೆ. 'ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ' ಅಂತ ಕಾಲೇಜು ಹುಡುಗರನ್ನು, ಕೂಲಿ ಕೆಲಸದವರನ್ನು ಹಿಡಿಯುತ್ತಾರೆ. ಕೊಟ್ಟವನಿಗೆ ನಾಲ್ಕು ಕಾಸು ಸಿಕ್ಕಿತು ಅನ್ನೋ ಖುಷಿ. ದಾಖಲೆಯಲ್ಲಿ ಖಾತೆದಾರ ಅವನೇ, ಪೊಲೀಸರು ಮೊದಲು ಬಾಗಿಲು ತಟ್ಟೋದೂ ಅವನ ಮನೆಯದ್ದೇ.

ಈ ಹಣ ನಮ್ಮ ಅಂಗಡಿಗೆ ಹೇಗೆ ಬರುತ್ತದೆ ಅನ್ನೋದಕ್ಕೆ ಒಂದು ಕಾಲ್ಪನಿಕ ಉದಾಹರಣೆ ನೋಡಿ. ಹೈದರಾಬಾದಿನಲ್ಲಿ ಒಬ್ಬರು ಇಂಥ ಆಪ್‌ಗೆ 40 ಸಾವಿರ ಹಾಕಿ ಕಳೆದುಕೊಂಡರು. ಹಣ ಹೋಗಿದ್ದು ಬಾಡಿಗೆ ಖಾತೆಗೆ. ಅಲ್ಲಿಂದ ಎರಡನೇ ಖಾತೆ, ಮೂರನೇ ಖಾತೆ. ಅದೇ ಹೊತ್ತಿಗೆ ಮೈಸೂರಿನ ಒಬ್ಬ ಹುಡುಗ ಅದೇ ಆಪ್‌ನಲ್ಲಿ 3 ಸಾವಿರ ಗೆದ್ದ. ಅವನಿಗೆ ದುಡ್ಡು ಬಂದಿದ್ದು ಆ ಮೂರನೇ ಖಾತೆಯಿಂದ. ಭಾನುವಾರ ಗೆಳೆಯರ ಜೊತೆ ಹಾರಂಗಿಗೆ ಬಂದವನು ನಿಮ್ಮಲ್ಲಿ 300 ರೂಪಾಯಿಗೆ ತಿಂಡಿ ತಿಂದು ಸ್ಕ್ಯಾನ್ ಮಾಡಿ ಹೋದ. ಹೈದರಾಬಾದಿನವರು 1930ಕ್ಕೆ ಕರೆ ಮಾಡಿ ದೂರು ಕೊಟ್ಟರು. ಹಣ ಹರಿದ ದಾರಿ ಹಿಡಿದು ಖಾತೆ ಖಾತೆಗೂ ತಡೆ ಬೀಳುತ್ತಾ ಬಂದರೆ ಕೊನೆಯ ಕೊಂಡಿ ನಿಮ್ಮ ಅಂಗಡಿ.

ಯುಪಿಐನಲ್ಲಿ ಹಣ ಕಳಿಸುವವರಿಗೆ ಆಯ್ಕೆ ಇದೆ, ಪಡೆಯುವವರಿಗೆ ಇಲ್ಲ. ಗೋಡೆಗೆ ಅಂಟಿಸಿದ ಕ್ಯೂಆರ್‌ಗೆ ಯಾರು ಬೇಕಾದರೂ ಹಣ ಹಾಕಬಹುದು. 'ಈ ಹಣ ನನಗೆ ಬೇಡ' ಅಂತ ಬರುವ ಮೊದಲೇ ತಡೆಯುವ ಬಟನ್ ಅಂಗಡಿಯವರ ಫೋನಿನಲ್ಲಿ ಇಲ್ಲ. ಹೀಗಿದ್ದಾಗ ಬಂದ ಹಣಕ್ಕೆಲ್ಲ ಅಂಗಡಿಯವರೇ ಹೊಣೆ ಅಂದರೆ ಅದು ನ್ಯಾಯವಲ್ಲ.

ಪೊಲೀಸರ ಕಷ್ಟವೂ ಇದೆ

ಒಂದು ಕಡೆ ಮಾತ್ರ ನೋಡಿ ಮಾತಾಡೋದು ಬೇಡ. ಸೈಬರ್ ವಂಚನೆಯ ಹಣ ನಿಮಿಷಗಳಲ್ಲಿ ಐದಾರು ಖಾತೆ ದಾಟುತ್ತದೆ. ನಿಧಾನ ಮಾಡಿದರೆ ಕಳೆದುಕೊಂಡವರಿಗೆ ಒಂದು ರೂಪಾಯಿಯೂ ಸಿಗಲ್ಲ. 1930 ಸಹಾಯವಾಣಿ ಇರುವುದೇ ಅದಕ್ಕೆ. ನಾಳೆ ನಮ್ಮ ಮನೆಯ ಹಿರಿಯರ ಪಿಂಚಣಿ ಹಣ ಹೀಗೆ ಹೋದರೆ, ಎಲ್ಲಿದ್ದರೂ ಹಿಡಿದು ನಿಲ್ಲಿಸಿ ಅಂತ ನಾವೇ ಗೋಗರೆಯುತ್ತೇವೆ. ಹಾಗಾಗಿ ತಡೆ ಹಾಕಲೇಬೇಡಿ ಅನ್ನೋದು ವಾದವಲ್ಲ.

ಪ್ರಶ್ನೆ ಇರೋದು ಎಷ್ಟು ಹಣಕ್ಕೆ ತಡೆ, ಎಷ್ಟು ದಿನ, ಖಾತೆದಾರರಿಗೆ ಹೇಳಿದ್ದೀರಾ ಅನ್ನೋದರಲ್ಲಿ. 300 ರೂಪಾಯಿ ಅನುಮಾನಕ್ಕೆ 300 ರೂಪಾಯಿ ಹಿಡಿದಿಟ್ಟರೆ ಯಾವ ಅಂಗಡಿಯೂ ಮುಳುಗಲ್ಲ. ಅದೇ 300ಕ್ಕೆ ಇಡೀ ಖಾತೆ ನಿಲ್ಲಿಸಿದರೆ ಹಾಲಿನವರಿಗೆ ಕೊಡಲು ದುಡ್ಡಿಲ್ಲ, ಸಂಘದ ಸಾಲದ ಕಂತು ತಪ್ಪುತ್ತದೆ, ಮಗುವಿನ ಫೀಸು ನಿಲ್ಲುತ್ತದೆ.

ನಮ್ಮ ಹಾರಂಗಿಯಲ್ಲಿ ಮಳೆಗಾಲದಲ್ಲಿ ನದಿಗೆ ನೀರು ಬಿಡುವ ಮುಂಚೆ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಡುತ್ತಾರೆ. ಕೂಡಿಗೆ ಕಡೆಯವರು ದನಕರು, ಸಾಮಾನು ಮೇಲೆ ಸಾಗಿಸಿಕೊಳ್ಳಲು ಸ್ವಲ್ಪ ಹೊತ್ತಾದರೂ ಸಿಗುತ್ತದೆ. ಖಾತೆ ನಿಲ್ಲಿಸುವ ಮುಂಚೆ ಎಚ್ಚರಿಕೆ ಕೊಟ್ಟರೆ ಕಳ್ಳ ಹಣ ತೆಗೆದುಬಿಡುತ್ತಾನೆ, ನಿಜ. ನಿಲ್ಲಿಸಿದ ಮೇಲಾದರೂ ಅದೇ ದಿನ ಕಾರಣ ತಿಳಿಸಲು ಏನು ಕಷ್ಟ?

ಕಾನೂನಿನಲ್ಲಿ ನಮಗೇನಿದೆ?

ಬ್ಯಾಂಕ್ ಖಾತೆಯೂ 'ಸ್ವತ್ತು', ಅದನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 102ನೇ ಸೆಕ್ಷನ್. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಬಂದಿದೆ. ಅಧಿಕಾರ ಇದೆ, ಜೊತೆಗೆ ಷರತ್ತೂ ಇದೆ. ವಶಪಡಿಸಿಕೊಂಡ ವಿಷಯವನ್ನು ತಡಮಾಡದೆ ಮ್ಯಾಜಿಸ್ಟ್ರೇಟ್‌ಗೆ ವರದಿ ಮಾಡಬೇಕು.

2023ರಲ್ಲಿ ಕೇರಳದ ವ್ಯಾಪಾರಿಗಳ ಅರ್ಜಿಗಳಲ್ಲಿ ಅಲ್ಲಿನ ಹೈಕೋರ್ಟ್ ಹೇಳಿದ್ದು ಇದನ್ನೇ: ಪೊಲೀಸರ ಸೂಚನೆಯಲ್ಲಿ ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದ ಹಣದ ವ್ಯವಹಾರ ನಡೆಯಲು ಬಿಡಿ. ಕೇರಳ ಹೈಕೋರ್ಟಿನ ಆದೇಶ ಕರ್ನಾಟಕದಲ್ಲಿ ಹಾಗೇ ಅನ್ವಯ ಆಗಲ್ಲ. ಆದರೂ ಬ್ಯಾಂಕಿಗೋ ಪೊಲೀಸರಿಗೋ ಅರ್ಜಿ ಬರೆಯುವಾಗ, ಕೋರ್ಟಿನಲ್ಲಿ ವಾದ ಮಾಡುವಾಗ ಅದನ್ನು ತೋರಿಸಬಹುದು.

ಹೀಗೆ ಮೊತ್ತಕ್ಕೆ ಮಾತ್ರ ಹಾಕುವ ತಡೆಯನ್ನು ಬ್ಯಾಂಕ್ ಭಾಷೆಯಲ್ಲಿ 'ಲೀನ್' ಅನ್ನುತ್ತಾರೆ. ಆ ಪದ ನೆನಪಿಟ್ಟುಕೊಳ್ಳಿ. ಕೌಂಟರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ 'ಇದು ಲೀನೋ, ಪೂರ್ತಿ ಫ್ರೀಜೋ?' ಅಂತ.

ಅಂಗಡಿಯವರು ಏನು ಮಾಡಬಹುದು?

ಮುಂಜಾಗ್ರತೆಯಿಂದ ಶುರು ಮಾಡೋಣ.

• ಅಂಗಡಿಯ ಕ್ಯೂಆರ್‌ಗೆ ಬೇರೆ ಖಾತೆ ಇರಲಿ. ಮನೆ ಖರ್ಚು, ಸಾಲದ ಕಂತು, ಉಳಿತಾಯ ಎಲ್ಲ ಒಂದೇ ಖಾತೆಯಲ್ಲಿದ್ದರೆ ಒಂದು ತಡೆಗೆ ಇಡೀ ಮನೆ ನಿಂತುಹೋಗುತ್ತದೆ. ವಾರಕ್ಕೆರಡು ಸಲ ಹಣವನ್ನು ಆ ಖಾತೆಯಿಂದ ಸಾಗಿಸಿಕೊಳ್ಳಿ.

• 'ನಿಮಗೆ 5 ಸಾವಿರ ಹಾಕ್ತೀನಿ, ನಗದು ಕೊಡಿ' ಅನ್ನುವ ಅಪರಿಚಿತರಿಗೆ ಬೇಡ ಅನ್ನಿ. ಪಾಪ ಎಟಿಎಂ ಸಿಗಲಿಲ್ಲವೇನೋ ಅನ್ನಿಸಬಹುದು. ಆದರೆ ಸಾಮಾನು ಕೊಟ್ಟರೆ ಬಿಲ್ ಇರುತ್ತದೆ, ನಗದು ಕೊಟ್ಟಿದ್ದಕ್ಕೆ ನಿಮ್ಮ ಬಳಿ ಏನೂ ಸಾಕ್ಷಿ ಇರಲ್ಲ.

• 'ತಪ್ಪಾಗಿ ಹಣ ಬಂದಿದೆ, ಈ ಇನ್ನೊಂದು ನಂಬರಿಗೆ ವಾಪಸ್ ಹಾಕಿ' ಅಂದರೆ ಹಾಕಬೇಡಿ. ಅವರ ಬ್ಯಾಂಕಿನ ಮೂಲಕ ಬರಲು ಹೇಳಿ. ಬಂದ ದಾರಿ ಬಿಟ್ಟು ಬೇರೆ ನಂಬರಿಗೆ ಕಳಿಸಿದರೆ ಆ ಸರಪಳಿಯಲ್ಲಿ ನೀವೂ ಒಬ್ಬರಾಗುತ್ತೀರಿ.

• ದೊಡ್ಡ ಮೊತ್ತದ ವ್ಯಾಪಾರಕ್ಕೆ ಬಿಲ್ ಬರೆಯಿರಿ. ಮೊಬೈಲ್ ಅಂಗಡಿ, ಹಾರ್ಡ್‌ವೇರ್, ಹೋಂಸ್ಟೇಯವರು ಇದನ್ನು ಮರೆಯಲೇಬಾರದು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮೊತ್ತ, ಯುಪಿಐ ವಹಿವಾಟು ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆದಿಟ್ಟರೂ ಸಾಕು.

ಖಾತೆಗೆ ತಡೆ ಬಿದ್ದೇಬಿಟ್ಟರೆ:

• ಬ್ಯಾಂಕಿನಿಂದ ಬರಹದಲ್ಲಿ ಮಾಹಿತಿ ಕೇಳಿ. ಯಾವ ರಾಜ್ಯದ ಯಾವ ಠಾಣೆ, ದೂರಿನ ಸಂಖ್ಯೆ, ಯಾವ ದಿನದ ಯಾವ ವಹಿವಾಟು, ಎಷ್ಟು ಮೊತ್ತ ಅನ್ನೋದು ಅದರಲ್ಲಿರಲಿ. ಬಾಯಿಮಾತಿನ ಉತ್ತರಕ್ಕೆ ಸುಮ್ಮನಾಗಬೇಡಿ. ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

• ಆ ಠಾಣೆಗೆ ಇ-ಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಬರೆಯಿರಿ. ಅಂಗಡಿ ಪರವಾನಗಿ, ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ವಿವಾದದ ಮೊತ್ತಕ್ಕೆ ಮಾತ್ರ ಲೀನ್ ಇಟ್ಟು ಖಾತೆ ಬಿಡುಗಡೆ ಮಾಡಿ ಅಂತ ಕೇಳಿ.

• ಮಡಿಕೇರಿಯ ಸೆನ್ ಪೊಲೀಸ್ ಠಾಣೆಯಲ್ಲಿ ವಿಷಯ ತಿಳಿಸಿ ಸಲಹೆ ಪಡೆಯಿರಿ. ಪೊಲೀಸ್ ಠಾಣೆ ಅಂದ ಕೂಡಲೇ ಹೆದರಬೇಕಿಲ್ಲ, ಮಾಹಿತಿ ಕೇಳಿದ ಮಾತ್ರಕ್ಕೆ ನೀವು ಆರೋಪಿ ಆಗಲ್ಲ.

• ಬ್ಯಾಂಕ್ ಏನೂ ಹೇಳದೆ ಸತಾಯಿಸಿದರೆ, ಲಿಖಿತ ದೂರು ಕೊಟ್ಟು 30 ದಿನ ಕಳೆದ ಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448. ಕೋರ್ಟಿಗೆ ಹೋಗಲು ಶಕ್ತಿ ಇಲ್ಲದವರು ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಇದೆ.

• 'ನಿಮ್ಮ ಖಾತೆ ನಾನು ಬಿಡಿಸಿ ಕೊಡ್ತೀನಿ, ಇಷ್ಟು ಕಳಿಸಿ' ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಅದು ಎರಡನೇ ಮೋಸ.

ಕ್ಯೂಆರ್ ಕಿತ್ತುಹಾಕಿದರೆ ಮುಗಿಯಿತಾ?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿದ್ದು ನೆನಪಿರಬಹುದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದಿದ್ದ ನೋಟಿಸ್ 29 ಲಕ್ಷ ರೂಪಾಯಿಯದ್ದು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಬೋರ್ಡು ಬಂತು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಹಳೆ ಬಾಕಿ ವಸೂಲಿ ಮಾಡಲ್ಲ ಎಂದ ಮೇಲೆ ಗದ್ದಲ ತಣ್ಣಗಾಯಿತು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು ಅನ್ನೋ ನಿಯಮ ಎಷ್ಟೋ ಜನರಿಗೆ ಗೊತ್ತಾಗಿದ್ದೇ ಆಗ.

ಆ ಹೆದರಿಕೆ ಜೊತೆಗೆ ಈ ಹೆದರಿಕೆಯೂ ಸೇರಿದರೆ ಬೋರ್ಡು ಮತ್ತೆ ಬರುತ್ತದೆ. ಆದರೆ ಹಾರಂಗಿ, ದುಬಾರೆ, ನಿಸರ್ಗಧಾಮದಂಥ ಕಡೆ ಹೊರಗಿನಿಂದ ಬರುವವರನ್ನೇ ನಂಬಿದ ವ್ಯಾಪಾರ ನಮ್ಮದು. ನಗದು ಮಾತ್ರ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ. ಕ್ಯೂಆರ್ ಇರಲಿ, ಅದರ ಜೊತೆ ಲೆಕ್ಕವೂ ಇರಲಿ.

ಮಕ್ಕಳ ಆಟವನ್ನೆಲ್ಲ ಜೂಜು ಅನ್ನಬೇಡಿ

ಇನ್ನೊಂದು ಮಾತು ಮನೆಯವರಿಗೆ. ನಿಷೇಧದ ಸುದ್ದಿ ಬಂದಾಗಿನಿಂದ ಫೋನಲ್ಲಿ ಯಾವ ಗೇಮ್ ಆಡಿದರೂ 'ಅದು ಬ್ಯಾನ್ ಆಗಿದೆ, ಪೊಲೀಸ್ ಬರ್ತಾರೆ' ಅನ್ನುವ ಹಿರಿಯರಿದ್ದಾರೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಗಿದ್ದು ಜೂಜಿಗಾಗಿ ಅಲ್ಲ, ದೇಶದ ಭದ್ರತೆ ಮತ್ತು ಮಾಹಿತಿ ಸುರಕ್ಷತೆಯ ಕಾರಣಕ್ಕೆ. ಅದೇ ಮಾದರಿಯ ಬಿಜಿಎಂಐ 2021ರಲ್ಲಿ ಬಂತು, 2022ರ ಜುಲೈನಲ್ಲಿ ಮರೆಯಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಅದು ಹಣದ ಆಟವಲ್ಲ.

ಸುಳ್ಳು ಹೇಳಿ ಹೆದರಿಸಿದರೆ ಮಕ್ಕಳು ನಿಜವಾದ ಅಪಾಯವನ್ನೂ ನಂಬಲ್ಲ. ಗೇಮಿನಲ್ಲಿ ಎಷ್ಟು ಹೊತ್ತು ಕೂರಬೇಕು ಅನ್ನೋದು ಮನೆಯಲ್ಲಿ ಕೂತು ಮಾತಾಡುವ ವಿಷಯ. ದುಡ್ಡು ಹಾಕಿ ದುಡ್ಡು ಗೆಲ್ಲುವ ಲಿಂಕ್, 'ನಿನ್ನ ಖಾತೆ ಬಾಡಿಗೆ ಕೊಡು' ಅನ್ನುವ ಮೆಸೇಜ್ ಬೇರೆಯೇ ವಿಷಯ. ಇದು ಬಂದರೆ ಬೈಸಿಕೊಳ್ಳದೆ ಬಂದು ಹೇಳುವ ಧೈರ್ಯ ಮಕ್ಕಳಿಗೆ ಇರಬೇಕು. ಈಗಾಗಲೇ ದುಡ್ಡು ಕಳೆದುಕೊಂಡಿದ್ದರೂ ಬಚ್ಚಿಡುವುದು ಬೇಡ. ತಕ್ಷಣ 1930ಕ್ಕೆ ಕರೆ ಮಾಡಿದರೆ ಸ್ವಲ್ಪವಾದರೂ ಉಳಿಯುವ ಅವಕಾಶ ಇದೆ.

ತಾಲ್ಲೂಕು ಮಟ್ಟದಲ್ಲಿ ಆಗಬೇಕಾದ್ದು

ಕಾಯ್ದೆ ದೆಹಲಿಯದ್ದು, ತೀರ್ಪು ಸುಪ್ರೀಂ ಕೋರ್ಟಿನದ್ದು. ಅದರಲ್ಲಿ ನಾವು ಮಾಡುವಂಥದ್ದು ಕಡಿಮೆ. ಆದರೆ ಕುಶಾಲನಗರ ತಾಲ್ಲೂಕಿನಲ್ಲೇ ಆಗಬಹುದಾದ ಕೆಲಸ ಮೂರಿವೆ. ಒಂದು, ಖಾತೆಗೆ ತಡೆ ಬಿದ್ದ ದಿನವೇ ಯಾವ ಠಾಣೆ, ಎಷ್ಟು ಮೊತ್ತ ಅಂತ ಕನ್ನಡದಲ್ಲಿ ಮೆಸೇಜ್ ಅಥವಾ ಪತ್ರ ಕೊಡುವಂತೆ ಬ್ಯಾಂಕ್ ಶಾಖೆಗಳನ್ನು ವರ್ತಕರ ಸಂಘಗಳು ಕೇಳಬೇಕು. ಎರಡು, ಸೆನ್ ಠಾಣೆಯವರು ಶಾಲಾ ಕಾಲೇಜಿನಲ್ಲಿ ಜಾಗೃತಿ ಕಾರ್ಯಕ್ರಮ ಮಾಡುವ ಹಾಗೆ ಸಂತೆ ದಿನ ಅಂಗಡಿಯವರಿಗೂ ಒಂದು ಗಂಟೆ ಮಾಡಲಿ. ಮೂರು, ಹೊರರಾಜ್ಯದ ಠಾಣೆಗೆ ಪತ್ರ ಬರೆಯಲು ಬಾರದವರಿಗೆ ಯಾರಾದರೂ ಬರೆದುಕೊಡುವ ವ್ಯವಸ್ಥೆ ಪಂಚಾಯಿತಿಯಲ್ಲೋ ವರ್ತಕರ ಸಂಘದಲ್ಲೋ ಆಗಲಿ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲು ಬರೆಯಲು ಆಗದೆ ತಿಂಗಳುಗಟ್ಟಲೆ ಖಾತೆ ನಿಂತಿರಬಾರದು.

ಹಣದ ಆಟಕ್ಕೆ ಬೀಗ ಹಾಕಿದ್ದನ್ನು ನಮ್ಮ ಎಷ್ಟೋ ಮನೆಗಳು ಸ್ವಾಗತಿಸಿವೆ, ತಪ್ಪೇನಿಲ್ಲ. ಆದರೆ ಆಟ ಆಡದ, ಆಡಿಸದ, ಬರೀ ಟೀ ಮಾರಿದವರ ಖಾತೆಗೆ ಅದೇ ಬೀಗ ಬಿದ್ದರೆ ಯಾಕೆ ಅಂತ ಕೇಳುವ ಹಕ್ಕು ಅವರಿಗಿದೆ. ಈ ವಾರ ಬ್ಯಾಂಕಿಗೆ ಹೋದಾಗ ಅಂಗಡಿಗೆ ಅಂತ ಬೇರೆ ಖಾತೆಯೊಂದನ್ನು ತೆರೆದುಬಿಡಿ. ಉಳಿದಿದ್ದು ಆಮೇಲೆ.